ಅಪರೂಪದ ಹೂವು, ಸಾಮಾನ್ಯ ಬಾವಲಿ

ಬೇಸಗೆಯ ಒಂದು ದಿನ ಬೆಟ್ಟದ ಹುಲ್ಲಿಗೆ ಬೆಂಕಿ ಹತ್ತಿಕೊಂಡಿದೆ ಎಂದು ಭಾವಿಸಿರಿ. ಬಂಡೆಯ ಸಂದಿಯಲ್ಲಿ ಒಂದು ಆರ್ಕಿಡ್ ಗಿಡ ಹಳದಿ ಹೂ ಬಿಟ್ಟು ನಿಂತಿದೆ. ಆ ಜಾತಿಯ ಗಿಡಗಳು ಲೋಕದಲ್ಲಿ ಇನ್ನು ಕೆಲವೇ ಉಳಿದಿವೆ. ಅಲ್ಲೇ ಸ್ವಲ್ಪ ದೂರದಲ್ಲಿ ಹಣ್ಣು ತಿನ್ನುವ ಒಂದು ಬಾವಲಿ ರೆಕ್ಕೆ ಮುರಿದುಕೊಂಡು ನೆಲಕ್ಕೆ ಬಿದ್ದು ಒದ್ದಾಡುತ್ತಿದೆ. ಅದರ ಜಾತಿಯವು ಊರೂರಿನ ಆಲದ ಮರಗಳಲ್ಲಿ ಗುಂಪು ಗುಂಪಾಗಿ ನೇತಾಡುತ್ತಿವೆ. ಬೆಂಕಿ ಸಮೀಪಿಸುತ್ತಿದೆ. ಒಂದನ್ನು ಮಾತ್ರ ಎತ್ತಿಕೊಂಡು ಓಡುವಷ್ಟು ಸಮಯ ನಿಮಗಿದೆ. ಯಾವುದನ್ನು ಎತ್ತಿಕೊಳ್ಳುವಿರಿ?

ಇದು ಕೇವಲ ಬುದ್ಧಿವಂತಿಕೆಯ ಆಟವೆಂದು ಕೆಲವರಿಗೆ ಅನಿಸಬಹುದು. ಆದರೆ ಉತ್ತರ ಹೇಳಲು ಹೊರಟವನು ತನ್ನ ಮನಸ್ಸಿನಲ್ಲಿರುವ ತಕ್ಕಡಿಯನ್ನು ಹೊರಗೆ ತೆಗೆಯಲೇಬೇಕಾಗುತ್ತದೆ. "ಬಾವಲಿ ಒಂದು ಹೋದರೆ ಇನ್ನೊಂದಿದೆ, ಹೂವಿನ ಜಾತಿ ಅಳಿದರೆ ಮತ್ತೆ ಬಾರದು" ಎನ್ನುವವನು ಸಂಖ್ಯೆಯಿಂದ ತೂಗುತ್ತಾನೆ. "ಗಿಡಕ್ಕೆ ನೋವೆಂಬುದಿಲ್ಲ, ಅಲ್ಲಿ ಒದ್ದಾಡುತ್ತಿರುವುದು ಜೀವ" ಎನ್ನುವವನು ನೋವಿನಿಂದ ತೂಗುತ್ತಾನೆ. ಇಬ್ಬರೂ ಕೆಟ್ಟವರಲ್ಲ, ಇಬ್ಬರ ಮಾತಿನಲ್ಲೂ ಸತ್ಯವಿದೆ. ಆದರೆ ಈ ಎರಡು ಸತ್ಯಗಳನ್ನು ಒಂದೇ ತಕ್ಕಡಿಯ ಎರಡು ತಟ್ಟೆಗಳಲ್ಲಿ ಇಡುವುದು ಸರಿಯೇ ಎಂಬುದೇ ಇಲ್ಲಿನ ಪ್ರಶ್ನೆ.

ಮೊದಲು ಆ ಹೂವನ್ನು ನೋಡೋಣ. ಕೇರಳ ಮತ್ತು ತಮಿಳುನಾಡುಗಳ ಗಡಿಯಲ್ಲಿ, ಪಶ್ಚಿಮ ಘಟ್ಟಗಳ ದಕ್ಷಿಣ ತುದಿಯಲ್ಲಿ ಅಗಸ್ತ್ಯಮಲೆ ಎಂಬ ಪರ್ವತವಿದೆ. 1865ರಲ್ಲಿ ಡ್ರೂರಿ ಎಂಬ ಬ್ರಿಟಿಷ್ ಕರ್ನಲ್ ತಿರುವಾಂಕೂರಿನ ಬೆಟ್ಟಗಳಲ್ಲಿ ಈ ಆರ್ಕಿಡನ್ನು ಕಂಡನು. ಹಳದಿ ಎಸಳುಗಳು, ಅವುಗಳ ನಡುವೆ ಕಡುಕಂದು ಗೆರೆ, ಮುಂಭಾಗದಲ್ಲಿ ಜೋಡಿನ ತುದಿಯಂತೆ ಉಬ್ಬಿದ ಒಂದು ಚೀಲ. ಸಸ್ಯಶಾಸ್ತ್ರಜ್ಞರು ಅವನ ಹೆಸರನ್ನೇ ಸೇರಿಸಿ ಅದನ್ನು ಪ್ಯಾಫಿಯೋಪೆಡಿಲಮ್ ಡ್ರೂರಿ ಎಂದು ಕರೆದರು. ಈ ಕುಲದ ಆರ್ಕಿಡ್‌ಗಳು ಈಶಾನ್ಯ ಭಾರತದಲ್ಲಿಯೂ ಆಗ್ನೇಯ ಏಷ್ಯಾದಲ್ಲಿಯೂ ಹಲವಿವೆ. ದಕ್ಷಿಣ ಭಾರತಕ್ಕೆ ಇರುವುದು ಇದೊಂದೇ. ಬಹುಕಾಲ ಯಾರ ಕಣ್ಣಿಗೂ ಬೀಳದಿದ್ದುದರಿಂದ ಅದು ಅಳಿದೇ ಹೋಗಿರಬೇಕೆಂದು ಭಾವಿಸಲಾಗಿತ್ತು. 1972ರಲ್ಲಿ ಅಗಸ್ತ್ಯಮಲೆಯಲ್ಲಿ ಮತ್ತೆ ಸಿಕ್ಕಿತು. ಸಿಕ್ಕಿದ ಸುದ್ದಿಯೇ ಅದಕ್ಕೆ ಮುಳುವಾಯಿತು. ಆರ್ಕಿಡ್ ಪ್ರಿಯರಿಗಾಗಿ ಅದನ್ನು ಬುಡಸಹಿತ ಕಿತ್ತು ಸಾಗಿಸಲಾಯಿತು. ಇಂದು ಅದು ಅಳಿವಿನ ಅಂಚಿನಲ್ಲಿರುವ ಸಸ್ಯಗಳ ಪಟ್ಟಿಯಲ್ಲಿದೆ. ಪಾಲೋಡಿನ ಉಷ್ಣವಲಯ ಸಸ್ಯೋದ್ಯಾನದವರು ಪ್ರಯೋಗಶಾಲೆಯಲ್ಲಿ ಅದರ ಸಸಿಗಳನ್ನು ಬೆಳೆಸಿ ಬೆಟ್ಟಕ್ಕೆ ಮರಳಿ ನೆಟ್ಟಿದ್ದಾರೆ.

ಆರ್ಕಿಡಿನ ಬದುಕು ಎಷ್ಟು ನಾಜೂಕಾದುದೆಂದು ತಿಳಿದರೆ ಅದರ ವಿಷಯದಲ್ಲಿ ಇಷ್ಟು ಕಾಳಜಿ ಏಕೆಂಬುದು ಅರ್ಥವಾಗುತ್ತದೆ. ಅದರ ಬೀಜ ಧೂಳಿನಷ್ಟು ಸಣ್ಣದು. ಭತ್ತದ ಕಾಳಿನೊಳಗೆ ಮೊಳಕೆಗೆ ಬೇಕಾದ ಅನ್ನವಿರುವಂತೆ ಆರ್ಕಿಡಿನ ಬೀಜದೊಳಗೆ ಏನೂ ಇಲ್ಲ. ಬಿದ್ದ ಜಾಗದಲ್ಲಿ ತಕ್ಕ ಶಿಲೀಂಧ್ರವೊಂದು ಸಿಕ್ಕಿ, ಅದು ಉಣಿಸಿದರೆ ಮಾತ್ರ ಮೊಳಕೆ. ಒಂದು ಕಾಯಿಯೊಳಗೆ ಸಾವಿರಾರು ಬೀಜಗಳಿದ್ದರೂ ಗಿಡವಾಗುವುದು ಎಲ್ಲೋ ಒಂದೆರಡು. ಇನ್ನು ಆ ಚೀಲದ ವಿಷಯ: ಮಕರಂದವಿದೆಯೆಂದು ನಂಬಿ ಬಂದ ಕೀಟ ಅದರೊಳಗೆ ಜಾರಿ ಬೀಳುತ್ತದೆ. ಹೊರಬರಲು ಇರುವುದು ಹಿಂಬದಿಯ ಒಂದೇ ಇಕ್ಕಟ್ಟಾದ ದಾರಿ, ಅಲ್ಲಿ ಪರಾಗ ಅದರ ಬೆನ್ನಿಗೆ ಅಂಟುತ್ತದೆ. ಮಕರಂದವಂತೂ ಇಲ್ಲವೇ ಇಲ್ಲ. ಅಂದರೆ ನಾವು ಸೌಂದರ್ಯದ ಶಿಖರವೆಂದು ಹೊಗಳುವ ಆ ಹೂ ಕೂಲಿ ಕೊಡದೆ ಕೆಲಸ ಮಾಡಿಸಿಕೊಳ್ಳುತ್ತದೆ! ಇದು ಹೂವಿನ ಮೇಲಿನ ದೂರಲ್ಲ. ಗಿಡಕ್ಕೆ ಪಾಪಪುಣ್ಯಗಳಿಲ್ಲ. ಚೆಲುವಾದುದೆಲ್ಲ ಒಳ್ಳೆಯದೆಂದೂ ಕುರೂಪವಾದುದೆಲ್ಲ ಕೇಡೆಂದೂ ನಂಬುವ ನಮ್ಮ ಅಭ್ಯಾಸಕ್ಕೆ ಇದೊಂದು ಉತ್ತರ, ಅಷ್ಟೆ.

ಬಾವಲಿಯಾದರೋ ಆ ಅಭ್ಯಾಸದ ನೇರ ಬಲಿ. ಕಪ್ಪು ತೊಗಲಿನ ರೆಕ್ಕೆ, ತಲೆಕೆಳಗಾದ ನಿದ್ರೆ, ರಾತ್ರಿಯ ಸಂಚಾರ, ಮರದ ಕೆಳಗಿನ ದುರ್ನಾತ. ಅದನ್ನು ಅಪಶಕುನವೆನ್ನುವವರು ಎಲ್ಲ ಸಮುದಾಯಗಳಲ್ಲೂ ಇದ್ದಾರೆ. ಆದರೆ ಸಂಜೆ ಗೂಡು ಬಿಟ್ಟು ಹೊರಟ ಈ ಜೀವಿ ಬೆಳಗಾಗುವುದರೊಳಗೆ ಮಾಡುವ ಕೆಲಸವನ್ನು ನೋಡಿರಿ. ಹಿಪ್ಪೆಯ ಹೂವಿಗೂ ಬೂರುಗದ ಹೂವಿಗೂ ಪರಾಗ ಮುಟ್ಟಿಸುತ್ತದೆ. ಆಲ, ಅತ್ತಿ, ಬಸರಿಗಳ ಹಣ್ಣು ತಿಂದು ಅವುಗಳ ಬೀಜವನ್ನು ಹಾರುತ್ತಲೇ ಮೈಲುಗಳಾಚೆ ಉದುರಿಸುತ್ತದೆ. ಅಡಿಕೆಯ ಹಣ್ಣಿನ ಹೊರಗಿನ ಸಿಹಿ ಸಿಪ್ಪೆಯನ್ನು ಚೀಪಿ ಕಾಯಿಯನ್ನು ಕೆಳಗೆ ಹಾಕುತ್ತದೆ. ಕರಾವಳಿಯಲ್ಲಿ ಬಡವರ ಮಕ್ಕಳು ಬೆಳಗ್ಗೆ ಎದ್ದು ಅದನ್ನು ಆರಿಸಿ ಮಾರಿದ್ದುಂಟು. ಗೇರುಹಣ್ಣನ್ನು ಕಚ್ಚಿಕೊಂಡು ಹೋಗಿ ತನ್ನ ಮರದಲ್ಲಿ ಕೂತು ತಿಂದು ಬೀಜವನ್ನು ಬುಡದಲ್ಲಿ ರಾಶಿ ಹಾಕುತ್ತದೆ. ಮೋಟುಮೂತಿಯ ಸಣ್ಣ ಬಾವಲಿಯ ಗಂಡು ಬೈನೆಮರದ ಗೊನೆಯ ಎಳೆಗಳನ್ನು ಕಚ್ಚಿ ಕಚ್ಚಿ ಕತ್ತರಿಸಿ ಒಳಗೆ ಗುಡಾರದಂತಹ ಜಾಗ ಮಾಡಿಕೊಳ್ಳುತ್ತದೆ. ತಾಯಿ ಒಂದು ಸಲಕ್ಕೆ ಒಂದೇ ಮರಿ ಹೆತ್ತು, ಹಾಲೂಡಿಸಿ, ಎಳೆಯದಾಗಿರುವಷ್ಟು ದಿನ ಹೊಟ್ಟೆಗೆ ಅವಚಿಕೊಂಡೇ ಹಾರುತ್ತದೆ. ನಮ್ಮ ಮನೆಗಳಲ್ಲಿ ಸಾಕುವ ಆಡಿನಂತೆ, ಬೆಕ್ಕಿನಂತೆ ಅದೂ ಹಾಲುಣಿಸುವ ಪ್ರಾಣಿ. ಹಸಿವು, ಭಯ, ನೋವುಗಳು ಅದಕ್ಕಿವೆಯೆಂಬುದರಲ್ಲಿ ಸಂಶಯಕ್ಕೆಡೆಯಿಲ್ಲ.

ಬಾವಲಿಯ ಹೆಸರು ತತ್ವಶಾಸ್ತ್ರದಲ್ಲಿಯೂ ಪ್ರಸಿದ್ಧವಾದುದು. ಅಮೇರಿಕದ ಥಾಮಸ್ ನೇಗಲ್ ಎಂಬ ತತ್ವಜ್ಞಾನಿ 1974ರಲ್ಲಿ ಬರೆದ ಲೇಖನವೊಂದರಲ್ಲಿ, ಬಾವಲಿಯಾಗಿರುವುದೆಂದರೆ ಹೇಗಿರುತ್ತದೆ ಎಂದು ಪ್ರಶ್ನಿಸಿದ. ಅದರ ಮೆದುಳನ್ನು ಎಷ್ಟೇ ಪರೀಕ್ಷಿಸಿದರೂ ಅದರ ಒಳಗಿನ ಅನುಭವ ನಮಗೆ ದಕ್ಕುವುದಿಲ್ಲ, ಆದರೂ ಅಂಥದೊಂದು ಅನುಭವ ಅಲ್ಲಿ ಇದ್ದೇ ಇದೆ ಎಂಬುದು ಅವನ ವಾದ. ಅವನು ಉದಾಹರಿಸಿದ್ದು ಶಬ್ದದ ಪ್ರತಿಧ್ವನಿಯಿಂದ ದಾರಿ ಕಾಣುವ ಕೀಟಾಹಾರಿ ಬಾವಲಿಯನ್ನು. ಹಣ್ಣು ತಿನ್ನುವ ಬಾವಲಿಗಳು ಬಹುಮಟ್ಟಿಗೆ ನಮ್ಮಂತೆಯೇ ಕಣ್ಣು ಮತ್ತು ಮೂಗಿನಿಂದ ದಾರಿ ಕಾಣುವವು. ಆದುದರಿಂದ ಅವುಗಳ ಲೋಕ ನಮಗೆ ನೇಗಲ್ ಹೇಳಿದಷ್ಟು ದೂರದ್ದಲ್ಲ. ಆರ್ಕಿಡಿನ ವಿಷಯದಲ್ಲಿ ಇಂಥ ಪ್ರಶ್ನೆಯನ್ನೇ ಕೇಳಲಾಗದು.

ಈ ಎರಡು ಜೀವಗಳನ್ನು ನಮ್ಮ ದೇಶದ ಕಾನೂನು ಹೇಗೆ ಕಂಡಿತೆಂಬುದು ಗಮನಾರ್ಹ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಐದನೆಯ ಪಟ್ಟಿಯಲ್ಲಿ ಉಪದ್ರವಕಾರಿ ಪ್ರಾಣಿಗಳ ಹೆಸರುಗಳಿದ್ದವು. ಇಲಿ, ಹೆಗ್ಗಣ, ಕಾಗೆಗಳೊಂದಿಗೆ ಹಣ್ಣು ತಿನ್ನುವ ಬಾವಲಿಯೂ ಅದರಲ್ಲಿತ್ತು. ಅವುಗಳನ್ನು ಯಾರು ಬೇಕಾದರೂ ಪರವಾನಗಿಯಿಲ್ಲದೆ ಕೊಲ್ಲಬಹುದಾಗಿತ್ತು. 1991ರ ತಿದ್ದುಪಡಿಯಲ್ಲಿ ಸಸ್ಯಗಳಿಗಾಗಿ ಆರನೆಯ ಪಟ್ಟಿಯೊಂದು ಸೇರಿತು. ಜೋಡಿನಾಕಾರದ ಆರ್ಕಿಡ್‌ಗಳೆಲ್ಲ ಅದರಲ್ಲಿ ಬಂದವು. ಹೀಗೆ ಒಂದೇ ಪುಸ್ತಕದ ಪಕ್ಕಪಕ್ಕದ ಪಟ್ಟಿಗಳಲ್ಲಿ ಹೂ ಕಿತ್ತವನಿಗೆ ಶಿಕ್ಷೆ, ಬಾವಲಿ ಕೊಂದವನಿಗೆ ಏನೂ ಇಲ್ಲ. 2022ರ ತಿದ್ದುಪಡಿಯ ಬಳಿಕ ಉಪದ್ರವಕಾರಿಗಳ ಆ ಪಟ್ಟಿಯೇ ಇಲ್ಲವಾಗಿದೆ. ಆದರೆ ಐವತ್ತು ವರ್ಷಗಳ ಕಾಲ ಅದು ಜಾರಿಯಲ್ಲಿತ್ತು.

ಆ ಪಟ್ಟಿಯ ನೆರಳಿನಲ್ಲೇ ನಡೆದ ಒಂದು ಸ್ವಾರಸ್ಯಕರ ಘಟನೆಯಿದೆ. 1948ರಲ್ಲಿ ಆಂಗಸ್ ಹಟನ್ ಎಂಬ ನಿಸರ್ಗಾಸಕ್ತ ತಮಿಳುನಾಡಿನ ಹೈವೇವಿ ಬೆಟ್ಟಗಳಲ್ಲಿ ಒಂದು ಬಾವಲಿಯನ್ನು ಹಿಡಿದನು. ಅದರ ಚರ್ಮ ಮತ್ತು ತಲೆಬುರುಡೆ ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸಂಗ್ರಹಕ್ಕೆ ಸೇರಿದವು. ಮೋಟುಮೂತಿಯ ಸಾಮಾನ್ಯ ಬಾವಲಿ ಎಂದು ಚೀಟಿ ಬರೆದು ಡ್ರಾಯರಿನಲ್ಲಿಡಲಾಯಿತು. ಎರಡು ದಶಕಗಳಿಗೂ ಹೆಚ್ಚು ಕಾಲ ಅದು ಅಲ್ಲಿಯೇ ಬಿದ್ದಿತ್ತು. ಕಡೆಗೆ ಕಿಟ್ಟಿ ಥೊಂಗ್ಲೊಂಗ್ಯಾ ಎಂಬ ಥಾಯ್ಲೆಂಡಿನ ಪ್ರಾಣಿಶಾಸ್ತ್ರಜ್ಞ ಅದನ್ನು ಕೈಗೆತ್ತಿಕೊಂಡು ಹಲ್ಲುಗಳನ್ನು ಪರೀಕ್ಷಿಸಿದಾಗ, ಇದು ಸಾಮಾನ್ಯ ಬಾವಲಿಯಲ್ಲವೆಂದೂ ಈವರೆಗೆ ಲೋಕಕ್ಕೆ ಗೊತ್ತೇ ಇಲ್ಲದ ಬೇರೊಂದು ಕುಲವೆಂದೂ ತಿಳಿದುಬಂತು. 1972ರಲ್ಲಿ, ಬಾವಲಿಗಳನ್ನು ಉಪದ್ರವಕಾರಿಯೆಂದ ಕಾಯಿದೆ ಬಂದ ವರ್ಷವೇ, ಅದಕ್ಕೆ ಪಕ್ಷಿವಿಜ್ಞಾನಿ ಸಾಲಿಂ ಅಲಿಯವರ ಹೆಸರಿಡಲಾಯಿತು. ಜೀವಂತವಾಗಿ ಅದು ಮತ್ತೆ ಸಿಕ್ಕಿದ್ದು 1993ರಲ್ಲಿ. ಅಗಸ್ತ್ಯಮಲೆಯ ತಪ್ಪಲಿನ ಕಳಕ್ಕಾಡು ಮುಂಡಂತುರೈ ಕಾಡಿನಲ್ಲಿಯೂ, ಅಂದರೆ ಆ ಹಳದಿ ಆರ್ಕಿಡಿನ ನೆರೆಯಲ್ಲಿಯೇ ಅದು ಇದೆ. ಅನಂತರ ಕಾನೂನು ಅದನ್ನು ಉಪದ್ರವಕಾರಿಗಳ ಪಟ್ಟಿಯಿಂದ ಎತ್ತಿ ಹುಲಿಯೂ ಆನೆಯೂ ಇರುವ ಮೊದಲನೆಯ ಪಟ್ಟಿಗೆ ಸೇರಿಸಿತು.

ಇಲ್ಲಿ ಸ್ವಲ್ಪ ನಿಂತು ಆಲೋಚಿಸಬೇಕು. ಡ್ರಾಯರಿನಲ್ಲಿದ್ದ ಆ ಬಾವಲಿಯಲ್ಲಿ ಏನು ಬದಲಾಯಿತು? ಅದೇ ಚರ್ಮ, ಅದೇ ಹಲ್ಲು. ಹಿಡಿಯುವಾಗ ಅದು ಪಟ್ಟ ನೋವೂ ಅದೇ. ಬದಲಾದುದು ಚೀಟಿ ಮಾತ್ರ. ನಿನ್ನೆಯವರೆಗೆ ಬೆಲೆಯಿಲ್ಲದ್ದು ಇಂದು ಅನರ್ಘ್ಯವಾಯಿತು. ಹಾಗಾದರೆ ಆ ಬೆಲೆ ಎಲ್ಲಿತ್ತು? ಬಾವಲಿಯಲ್ಲಂತೂ ಇರಲಿಲ್ಲ. ಅಪರೂಪ ಎಂಬುದು ಹೂವಿನ ಹಳದಿಯಂತೆ, ಬಾವಲಿಯ ಕಿವಿಯಂತೆ ಆ ಜೀವಿಯಲ್ಲಿರುವ ಗುಣವಲ್ಲ. ಅದರಂಥವು ಇನ್ನೆಷ್ಟಿವೆ ಎಂಬ ನಮ್ಮ ಲೆಕ್ಕಕ್ಕೆ ನಾವಿಟ್ಟ ಹೆಸರು. ಆ ಲೆಕ್ಕವನ್ನು ಬಹುಮಟ್ಟಿಗೆ ಹಾಗೆ ಮಾಡಿದವರೂ ನಾವೇ.

ಇದಲ್ಲದೆ, ಅಪರೂಪವನ್ನು ಬೆಲೆಯೆಂದು ಬಗೆಯುವುದು ಅಪರೂಪದ್ದಕ್ಕೂ ಒಳ್ಳೆಯದಲ್ಲ. ವಿಯೆಟ್ನಾಮಿನಲ್ಲಿ ಇದೇ ಕುಲದ ಇನ್ನೊಂದು ಆರ್ಕಿಡ್ ಪತ್ತೆಯಾಗಿ 1999ರಲ್ಲಿ ಅದಕ್ಕೆ ಹೆಸರಿಡಲಾಯಿತು. ಕೆಲವೇ ವರ್ಷಗಳಲ್ಲಿ ಅದರ ಬೆಟ್ಟ ಬರಿದಾಯಿತು. ಕಿತ್ತವರು ಹೂವನ್ನು ದ್ವೇಷಿಸುವವರಲ್ಲ, ಅದರ ಮೇಲೆ ಪ್ರಾಣವಿಟ್ಟ ಸಂಗ್ರಹಕಾರರಿಗಾಗಿಯೇ ಅದನ್ನು ಕಿತ್ತದ್ದು. ಕಡಿಮೆಯಾದಷ್ಟೂ ಬೆಲೆ ಏರುತ್ತದೆ, ಬೆಲೆ ಏರಿದಷ್ಟೂ ಕಡಿಮೆಯಾಗುತ್ತದೆ. ಚಿನ್ನದಂಗಡಿಯ ತಕ್ಕಡಿಯನ್ನು ಕಾಡಿಗೆ ಒಯ್ದರೆ ಆಗುವುದೇ ಇದು.

ಸಾಮಾನ್ಯವಾದುದರ ಗತಿಯೂ ಅದೇ ತಕ್ಕಡಿಯಲ್ಲಿ ಕೆಡುತ್ತದೆ. ನಮ್ಮ ತಂದೆ–ಅಜ್ಜಂದಿರ ಕಾಲದಲ್ಲಿ ಸತ್ತ ದನ ಬಿದ್ದಲ್ಲೆಲ್ಲ ರಣಹದ್ದುಗಳು ಇಳಿಯುತ್ತಿದ್ದವು. ಅದು ಎಷ್ಟು ಸಾಮಾನ್ಯವಾದ ಹಕ್ಕಿಯೆಂದರೆ ಅದರ ರಕ್ಷಣೆಯ ಮಾತೆತ್ತಿದವನನ್ನು ಹುಚ್ಚನೆನ್ನುತ್ತಿದ್ದರು. ದನಗಳಿಗೆ ಕೊಡುವ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿ ಹೆಣದ ಮೂಲಕ ಅವುಗಳ ಹೊಟ್ಟೆ ಸೇರಿ ಮೂತ್ರಪಿಂಡ ಕೆಡಿಸಿತು. 1990ರ ದಶಕದ ಆರಂಭದಿಂದ ಹದಿನೈದು ವರ್ಷಗಳೊಳಗೆ ಬಿಳಿಬೆನ್ನಿನ ರಣಹದ್ದುಗಳಲ್ಲಿ ನೂರಕ್ಕೆ 99ಕ್ಕಿಂತಲೂ ಹೆಚ್ಚು ಇಲ್ಲವಾದವು. ಜಾನುವಾರುಗಳಿಗೆ ಆ ಔಷಧಿಯ ಬಳಕೆಯನ್ನು 2006ರಲ್ಲಿ ನಿಷೇಧಿಸಲಾಯಿತು. 2012ರಲ್ಲಿ ರಾಮನಗರದ ರಾಮದೇವರಬೆಟ್ಟವನ್ನು ರಣಹದ್ದುಗಳ ಧಾಮವೆಂದು ಘೋಷಿಸಬೇಕಾಯಿತು. ಸಾಮಾನ್ಯವಾಗಿದ್ದಾಗ ಒಂದು ಕಾಸಿನ ಗೌರವವನ್ನೂ ಪಡೆಯದ ಹಕ್ಕಿಗೆ ಅಳಿದುಳಿದ ಮೇಲೆ ಫಲಕ ಮತ್ತು ಕಾವಲು!

ಹಾಗಾದರೆ ನೋವನ್ನೇ ಅಳತೆಗೋಲಾಗಿ ಇಟ್ಟುಕೊಳ್ಳೋಣವೇ? ಪಶ್ಚಿಮದಲ್ಲಿ ಈ ವಾದಕ್ಕೆ ದೀರ್ಘ ಇತಿಹಾಸವಿದೆ. 18ನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಜೆರೆಮಿ ಬೆಂಥಮ್, ಪ್ರಾಣಿಗಳಿಗೆ ವಿವೇಕವಿದೆಯೇ ಮಾತಿದೆಯೇ ಎಂದು ಕೇಳುವ ಬದಲು ಅವು ನೋಯುತ್ತವೆಯೇ ಎಂದು ಕೇಳಬೇಕೆಂದನು. 1975ರಲ್ಲಿ ಪೀಟರ್ ಸಿಂಗರ್ ಅದನ್ನು ಒಂದು ಪುಸ್ತಕವಾಗಿ ಬೆಳೆಸಿದನು. 1983ರಲ್ಲಿ ಟಾಮ್ ರೇಗನ್ ಇನ್ನೂ ಮುಂದೆ ಹೋಗಿ, ಅಳಿವಿನಂಚಿನ ಜಾತಿಗೆ ಸೇರಿದ ಪ್ರಾಣಿಗೆ ಆ ಕಾರಣಕ್ಕಾಗಿಯೇ ಹೆಚ್ಚಿನ ಹಕ್ಕೇನೂ ಬರುವುದಿಲ್ಲವೆಂದು ಸ್ಪಷ್ಟವಾಗಿ ವಾದಿಸಿದನು. ಇದಕ್ಕೆ ಎದುರಾಗಿ, 1949ರಲ್ಲಿ ಪ್ರಕಟವಾದ ಆಲ್ಡೊ ಲಿಯೊಪೋಲ್ಡನ ಗ್ರಂಥವನ್ನು ಆಧರಿಸಿದವರು, ಬಿಡಿ ಜೀವಿಗಿಂತ ನೆಲ–ನೀರು–ಗಿಡ–ಪ್ರಾಣಿಗಳ ಒಟ್ಟು ಸಮುದಾಯವೇ ಮುಖ್ಯವೆನ್ನುತ್ತಾರೆ. ಒಂದು ಪಕ್ಷ ಬಾವಲಿಯನ್ನು ಎತ್ತಿಕೊಂಡು ಓಡುತ್ತದೆ, ಇನ್ನೊಂದು ಹೂವನ್ನು. ಮೊದಲನೆಯ ಪಕ್ಷಕ್ಕೆ ಕೊನೆಯ ಆರ್ಕಿಡ್ ಸುಟ್ಟುಹೋದರೂ ಯಾರಿಗೂ ನೋವಾಗಲಿಲ್ಲವಲ್ಲ ಎಂದು ಸುಮ್ಮನಿರಬೇಕಾದ ಸಂಕಟ. ಎರಡನೆಯದಕ್ಕೆ ಕಣ್ಣೆದುರು ನರಳುವ ಪ್ರಾಣಿಯನ್ನು ಅಂಕೆಸಂಖ್ಯೆಯ ಹೆಸರಿನಲ್ಲಿ ಬಿಟ್ಟುಹೋಗಬೇಕಾದ ಸಂಕಟ.

ನಮ್ಮ ಧರ್ಮಗ್ರಂಥಗಳನ್ನು ಓದಿಕೊಂಡವರಿಗೆ ಇವೆರಡೂ ಒಂದೇ ಮನೆಯ ಎರಡು ಬಾಗಿಲುಗಳಂತೆ ತೋರದಿರದು. ಬಾಯಾರಿದ ನಾಯಿಗೆ ಬಾವಿಗಿಳಿದು ನೀರು ತಂದು ಕುಡಿಸಿದವನಿಗೆ ಕ್ಷಮೆ ದೊರೆತ ಹದೀಸನ್ನೂ, ಬೆಕ್ಕನ್ನು ಕಟ್ಟಿಹಾಕಿ ಹಸಿವಿನಿಂದ ಸಾಯಿಸಿದ ಸ್ತ್ರೀ ಶಿಕ್ಷೆಗೊಳಗಾದ ಹದೀಸನ್ನೂ ಮದ್ರಸದ ಮಕ್ಕಳೂ ಬಲ್ಲರು. ಆ ನಾಯಿ ಅಪರೂಪದ ತಳಿಯದೇ, ಆ ಬೆಕ್ಕು ಎಷ್ಟರಲ್ಲೊಂದು ಎಂಬ ಪ್ರಶ್ನೆ ಅಲ್ಲಿ ಬರುವುದೇ ಇಲ್ಲ. ಅದು ಒಂದು ನಾಯಿ, ಅದಕ್ಕೆ ಬಾಯಾರಿದೆ, ವಿಷಯ ಅಷ್ಟೆ. ಇದು ಬಿಡಿ ಜೀವಿಯ ಹಕ್ಕು. ಆದರೆ ಅದೇ ನಾಯಿಗಳ ವಿಷಯದಲ್ಲಿ ಅಬೂದಾವೂದ್ ಮತ್ತು ತಿರ್ಮಿದಿಯಲ್ಲಿ ಬಂದಿರುವ ಮತ್ತೊಂದು ಹದೀಸಿದೆ. ಅವುಗಳ ಸಂತತಿಯನ್ನೇ ಇಲ್ಲವಾಗಿಸಲು ಆಜ್ಞಾಪಿಸದಿರುವುದಕ್ಕೆ ಪ್ರವಾದಿ(ಸ) ಅಲ್ಲಿ ಕೊಟ್ಟ ಕಾರಣ ನೋವಲ್ಲ, ಉಪಯೋಗವೂ ಅಲ್ಲ. ಅವೂ ಒಂದು 'ಉಮ್ಮತ್', ಒಂದು ಸಮುದಾಯ ಎಂಬುದೇ ಕಾರಣ. ಭೂಮಿಯ ಪ್ರಾಣಿಗಳನ್ನೂ ರೆಕ್ಕೆಯಿಂದ ಹಾರುವ ಹಕ್ಕಿಗಳನ್ನೂ ಮನುಷ್ಯರಂತಹವೇ ಸಮುದಾಯಗಳೆಂದು ಪವಿತ್ರ ಕುರ್‌ಆನಿನ ಅಲ್‌ಅನ್‌ಆಮ್ ಅಧ್ಯಾಯ ಹೇಳಿರುವುದರ ಬೆಳಕಿನಲ್ಲಿ ಇದನ್ನು ಓದಬೇಕು. ಒಂದು ಜಾತಿಯನ್ನು ಲೋಕದಿಂದಲೇ ಅಳಿಸುವುದು ಒಂದು ಜೀವಿಯನ್ನು ಕೊಲ್ಲುವುದಕ್ಕಿಂತ ಬೇರೆಯೇ ಆದ ಅಪರಾಧ.

ಬಾವಲಿಯ ಬಗ್ಗೆಯೇ ಒಂದು ಮಾತಿದೆಯೆಂಬುದು ಹಲವರಿಗೆ ತಿಳಿಯದು. ಕಪ್ಪೆಯನ್ನೂ ಬಾವಲಿಯನ್ನೂ ಕೊಲ್ಲಬಾರದೆಂಬ ಅರ್ಥದ, ಸಹಾಬಿ ಅಬ್ದುಲ್ಲಾ ಇಬ್ನು ಅಮ್ರ್(ರ)ರ ಹೇಳಿಕೆಯನ್ನು ಇಮಾಮ್ ಬೈಹಕೀ ದಾಖಲಿಸಿದ್ದಾರೆ. ಅದು ಸಹಾಬಿಯ ಮಾತು, ಪ್ರವಾದಿವಚನವಲ್ಲ ಎಂಬ ಎಚ್ಚರ ಇರಲಿ. ಆದರೂ ಮರುಭೂಮಿಯ ನಾಡಿನಲ್ಲಿ ಯಾರಿಗೂ ಬೇಡದ ಈ ಎರಡು ಜೀವಿಗಳ ಹೆಸರನ್ನು ಒಬ್ಬ ಸಹಾಬಿ ಎತ್ತಿ ಹೇಳಿದ್ದು ಸಣ್ಣ ಸಂಗತಿಯಲ್ಲ. ನಮ್ಮ ಕರಾವಳಿಯ ಬಹುಪಾಲು ಮುಸ್ಲಿಮರು ಅನುಸರಿಸುವ ಶಾಫಿಈ ಮದ್‌ಹಬ್‌ನ ದೊಡ್ಡ ವಿದ್ವಾಂಸ, 1262ರಲ್ಲಿ ನಿಧನರಾದ ಇಝ್ಝುದ್ದೀನ್ ಇಬ್ನು ಅಬ್ದಿಸ್ಸಲಾಮ್, ಸಾಕುಪ್ರಾಣಿಗಳಿಗೆ ಮಾಲಕನ ಮೇಲಿರುವ ಹಕ್ಕುಗಳನ್ನು ವಿವರಿಸುವಾಗ, ಅದು ಮುದಿಯಾಗಿ ಅಥವಾ ರೋಗ ಹಿಡಿದು ಯಾವ ಪ್ರಯೋಜನಕ್ಕೂ ಬಾರದಾದಾಗಲೂ ಅದರ ಖರ್ಚು ವಹಿಸಬೇಕೆಂದು ಬರೆದಿದ್ದಾರೆ. ಪ್ರಯೋಜನ ಮುಗಿದ ಮೇಲೂ ಮುಗಿಯದ ಹಕ್ಕು! ಬಾವಲಿಯ ಪರವಾಗಿ ಮಾತಾಡುವವರು ಅದು ರೈತನಿಗೆ ಎಷ್ಟು ಲಾಭ ಮಾಡುತ್ತದೆಂದು ಪಟ್ಟಿ ಕೊಡುವುದು ವಾಡಿಕೆ. ಮೇಲೆ ನಾನೂ ಅಂಥ ಪಟ್ಟಿ ಕೊಟ್ಟಿದ್ದೇನೆ. ಆದರೆ ಆ ಪಟ್ಟಿಯ ಮೇಲೆ ಎಲ್ಲ ಭಾರವನ್ನೂ ಹಾಕಬಾರದು. ನಾಳೆ ಯಾರಾದರೂ ಬಾವಲಿಯಿಂದ ಲಾಭಕ್ಕಿಂತ ನಷ್ಟವೇ ಹೆಚ್ಚೆಂದು ಲೆಕ್ಕ ತೋರಿಸಿದರೆ ಅದರ ಜೀವದ ಹಕ್ಕು ರದ್ದಾಗಬೇಕೇ?

ಗಿಡಕ್ಕೆ ನೋವಿಲ್ಲದಿದ್ದರೆ ಅದಕ್ಕೆ ಹಕ್ಕೇನೆಂದು ಕೇಳಬಹುದು. ಮದೀನದ ಹರಮ್‌ನಲ್ಲಿ ಬೇಟೆಯಂತೆಯೇ ಮರ ಕಡಿಯುವುದಕ್ಕೂ ನಿಷೇಧವಿದೆ, ಮರಕ್ಕೆ ನೋವಾಗುವುದೆಂದಲ್ಲ. ಮರಗಿಡಗಳೂ ತಮ್ಮ ಒಡೆಯನಿಗೆ ಸಾಷ್ಟಾಂಗವೆರಗುತ್ತವೆಂದು ನಂಬುವವನಿಗೆ, ತಾನು ಕಾಣದ ಬೆಟ್ಟದಲ್ಲಿ ಯಾರಿಗಾಗಿಯೂ ಅಲ್ಲದೆ ಅರಳುವ ಒಂದು ಹೂ ವ್ಯರ್ಥವೆನಿಸಲಾರದು. ಒಂದು ಜಾತಿಯ ಕೊನೆಯ ಗಿಡವನ್ನು ಕಿತ್ತವನು ಗಿಡಕ್ಕೆ ನೋವು ಮಾಡಲಿಲ್ಲ, ನಿಜ. ಆದರೆ ತನ್ನದಲ್ಲದ್ದನ್ನು, ತಾನು ಮತ್ತೆ ತಂದುಕೊಡಲಾರದ್ದನ್ನು ಇಲ್ಲವಾಗಿಸಿದನು. ಅಮಾನತ್ತಾಗಿ ಇಟ್ಟ ವಸ್ತುವನ್ನು ಕಳೆದವನಿಗೆ, ವಸ್ತುವಿಗೆ ನೋವಾಗಲಿಲ್ಲವೆಂಬ ಸಮಜಾಯಿಷಿ ಸಾಲದು.

ಹೀಗೆ ನೋಡಿದರೆ ಹೂವಿಗೂ ಬಾವಲಿಗೂ ನಾವು ತೆರಬೇಕಾದುದು ಒಂದೇ ಬಗೆಯ ಸಾಲವಲ್ಲ. ಹೂವಿನ ವಿಷಯದಲ್ಲಿ: ಅದರ ಸಂತತಿ ಅಳಿಯಗೊಡಬಾರದು. ಬಾವಲಿಯ ವಿಷಯದಲ್ಲಿ: ಅದನ್ನು ನೋಯಿಸಬಾರದು, ನೋಯುತ್ತಿದ್ದರೆ ಬಿಟ್ಟುಹೋಗಬಾರದು. ಒಂದರ ಬಾಕಿಯನ್ನು ಇನ್ನೊಂದಕ್ಕೆ ಕೊಟ್ಟು ತೀರಿಸಲಾಗದು. ಹತ್ತು ಅಪರೂಪದ ಗಿಡ ನೆಟ್ಟವನಿಗೆ ಒಂದು ಸಾಮಾನ್ಯ ಬಾವಲಿಯನ್ನು ಕಲ್ಲೆಸೆದು ಕೊಲ್ಲುವ ಅನುಮತಿ ಸಿಗುವುದಿಲ್ಲ. ಬೆಂಕಿಯ ಆ ಪ್ರಶ್ನೆಗೆ ನನ್ನ ಉತ್ತರವನ್ನೂ ಹೇಳಬೇಕಲ್ಲ! ಪಾಲೋಡಿನಲ್ಲಿ ಸಸಿಗಳಿವೆ, ಆ ಗಿಡವೊಂದರ ಮೇಲೆಯೇ ಜಾತಿ ನಿಂತಿಲ್ಲವೆಂದು ಗೊತ್ತಿದ್ದರೆ ಬಾವಲಿಯನ್ನೇ ಎತ್ತಿಕೊಳ್ಳುವೆ. ಜಾತಿಯ ಕೊನೆಯ ಗಿಡ ಅದೇ ಎಂದಾದರೆ ಗಿಡವನ್ನು ಎತ್ತಿಕೊಳ್ಳುವೆ, ಆದರೆ ಬಾವಲಿಗೆ ಅನ್ಯಾಯವಾಗಲಿಲ್ಲವೆಂದು ಹೇಳಿಕೊಳ್ಳಲಾರೆ.

ನಿಜ ಜೀವನದಲ್ಲಿ ಇಂಥ ಇಕ್ಕಟ್ಟು ಬರುವುದಿಲ್ಲವೆಂದಲ್ಲ. ಕ್ಯಾಲಿಫೋರ್ನಿಯಾದ ಕರಾವಳಿಯಾಚೆ, ಅಮೇರಿಕದ ನೌಕಾಪಡೆಯ ವಶದಲ್ಲಿರುವ ಸಾನ್ ಕ್ಲೆಮೆಂಟೆ ಎಂಬ ದ್ವೀಪದಲ್ಲಿ ಜನರು ಹಿಂದೆ ತಂದುಬಿಟ್ಟ ಆಡುಗಳು ಸಾವಿರಗಟ್ಟಲೆಯಾದವು. ಬೇರೆಲ್ಲಿಯೂ ಇಲ್ಲದ ಹಲವು ಗಿಡಗಳನ್ನು ಅವು ಮೇದು ಮುಗಿಸುತ್ತಿದ್ದವು. ಆಡುಗಳನ್ನು ಗುಂಡಿಟ್ಟು ಕೊಲ್ಲಲು ನೌಕಾಪಡೆ ಹೊರಟಾಗ ಪ್ರಾಣಿದಯೆಯ ಸಂಘಟನೆಯೊಂದು ನ್ಯಾಯಾಲಯಕ್ಕೆ ಹೋಯಿತು, ಮತ್ತು ಮಾತಿನಲ್ಲೇ ನಿಲ್ಲದೆ ಸಾವಿರಾರು ಆಡುಗಳನ್ನು ಜೀವಂತ ಹಿಡಿದು ದಡಕ್ಕೆ ಸಾಗಿಸಿತು. ಹಿಡಿಯಲಾಗದೆ ಉಳಿದವನ್ನು ಕೊಲ್ಲಲಾಯಿತು. 1991ರ ವೇಳೆಗೆ ದ್ವೀಪದಲ್ಲಿ ಆಡುಗಳಿರಲಿಲ್ಲ. ಗಿಡಗಳು ಚೇತರಿಸಿಕೊಂಡವು. 2023ರಲ್ಲಿ ಅಲ್ಲಿನ ನಾಲ್ಕು ಸಸ್ಯಗಳನ್ನೂ ಒಂದು ಗುಬ್ಬಿಯ ಜಾತಿಯನ್ನೂ ಅಪಾಯದ ಪಟ್ಟಿಯಿಂದ ತೆಗೆಯಲಾಯಿತು. ಗಿಡಗಳ ಪರವಾಗಿದ್ದವರು ಗೆದ್ದರೆನ್ನಬೇಕು. ಆದರೆ ಆಡುಗಳ ಪರವಾಗಿದ್ದವರು ನ್ಯಾಯಾಲಯಕ್ಕೆ ಹೋಗದಿದ್ದರೆ ಆ ಸಾವಿರಾರು ಆಡುಗಳೂ ಗುಂಡಿಗೆ ಬಲಿಯಾಗುತ್ತಿದ್ದವು. ಮತ್ತು ಅವುಗಳನ್ನು ದ್ವೀಪಕ್ಕೆ ತಂದವನು ಆಡಲ್ಲ, ಮನುಷ್ಯ. ಇಂಥ ಇಕ್ಕಟ್ಟುಗಳ ಬುಡವನ್ನು ಅ‌ಗೆದರೆ ಹೆಚ್ಚಾಗಿ ನಮ್ಮದೇ ಹಳೆಯ ಕೈಕೆಲಸ ಸಿಗುತ್ತದೆ.

ನಮ್ಮ ಮನೆಯಂಗಳಕ್ಕೆ ಬಂದರೆ ಪ್ರಶ್ನೆ ಅಷ್ಟು ಕಠಿಣವಾಗಿಲ್ಲ. ಅಲ್ಲಿ ಬಾವಲಿಯ ಎದುರು ಇರುವುದು ಅಪರೂಪದ ಆರ್ಕಿಡಲ್ಲ, ನಾಲ್ಕು ಪೇರಳೆಹಣ್ಣು ಅಥವಾ ರಂಬುಟಾನ್. ಮುಸ್ಲಿಮನು ನೆಟ್ಟ ಗಿಡದಿಂದ ಮನುಷ್ಯ ಮಾತ್ರವಲ್ಲ, ಹಕ್ಕಿಯೋ ಪ್ರಾಣಿಯೋ ತಿಂದರೂ ಅದು ಅವನ ಪಾಲಿಗೆ ಸದಕಾ ಎಂದು ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದೆ. ಅಲ್ಲಿ ಬಾವಲಿಗೆ ಮಾತ್ರ ವಿನಾಯಿತಿ ಎಂದು ಬರೆದಿಲ್ಲ.

ರೋಗದ ಭಯ ಬೇರೆ ಮಾತು, ಅದನ್ನು ಲಘುವಾಗಿ ತೆಗೆದುಕೊಳ್ಳಬಾರದು. 2018ರಲ್ಲಿ ಕೇರಳದ ಕೋಝಿಕ್ಕೋಡ್ ಮತ್ತು ಮಲಪ್ಪುರಂ ಜಿಲ್ಲೆಗಳಲ್ಲಿ ನಿಪಾ ವೈರಸ್‌ನಿಂದ 17 ಮಂದಿ ಪ್ರಾಣ ಕಳೆದುಕೊಂಡರು. ಮನುಷ್ಯಜೀವ ಒಂದು ಕಡೆಯಿದ್ದರೆ ಹೂವೂ ಬಾವಲಿಯೂ ಎರಡನೆಯ ಮಾತು, ಇದರಲ್ಲಿ ಚರ್ಚೆಯಿಲ್ಲ. ಆದರೆ ಆಗ ಮೊದಲು ಸಂಶಯಕ್ಕೆ ಗುರಿಯಾದ, ಬಾವಿಯೊಳಗಿದ್ದ ಕೀಟಾಹಾರಿ ಬಾವಲಿಗಳಲ್ಲಿ ವೈರಸ್ ಸಿಗಲಿಲ್ಲ. ಆಮೇಲೆ ಪರೀಕ್ಷಿಸಿದ ದೊಡ್ಡ ಹಣ್ಣುಬಾವಲಿಗಳಲ್ಲಿ ಸಿಕ್ಕಿತು. ತಜ್ಞರು ಕೊಟ್ಟ ಸಲಹೆ ಕಚ್ಚಿದ ಗುರುತಿರುವ ಹಣ್ಣು ತಿನ್ನಬೇಡಿ, ಬಿದ್ದ ಹಣ್ಣನ್ನು ಬರಿಗೈಯಲ್ಲಿ ಮುಟ್ಟಬೇಡಿ, ತೆರೆದಿಟ್ಟ ಮಡಕೆಯ ಹಸಿ ಕಳ್ಳು–ನೀರಾ ಬೇಡ ಎಂಬುದಾಗಿತ್ತೇ ಹೊರತು ಮರ ಕಡಿಯಿರಿ, ಪಟಾಕಿ ಸಿಡಿಸಿರಿ ಎಂದಲ್ಲ. ಬೆದರಿ ಚದುರಿದ ಬಾವಲಿಗಳು ಹೊಸ ಹೊಸ ಊರುಗಳನ್ನು ಸೇರುತ್ತವೆ, ಬೆದರಿಕೆಯಿಂದ ಬಳಲಿದ ಬಾವಲಿಯ ಮೈಯಿಂದ ವೈರಸ್ ಹೆಚ್ಚು ಹೊರಬೀಳಬಹುದೆಂಬ ಆತಂಕವೂ ತಜ್ಞರಿಗಿದೆ. ಇಲ್ಲಿ ಬಾವಲಿಯ ಹಿತವೂ ನಮ್ಮ ಹಿತವೂ ಒಂದೇ ಕಡೆ ಸೇರುತ್ತವೆ.

ಉಳಿದುದು ಬಲೆಯ ವಿಷಯ. ಹಣ್ಣಿನ ಮರಗಳ ಮೇಲೆ ಅಗಲ ಕಣ್ಣಿನ ತೆಳು ನೈಲಾನ್ ಬಲೆಯನ್ನು ಸಡಿಲವಾಗಿ ಹೊದಿಸುವ ರೂಢಿ ಈಗ ಹಲವೆಡೆ ಇದೆ. ರಾತ್ರಿ ಬಂದ ಬಾವಲಿಯ ರೆಕ್ಕೆ ಅದರಲ್ಲಿ ಸಿಕ್ಕಿಕೊಂಡರೆ, ಬಿಡಿಸಿಕೊಳ್ಳಲು ಒದ್ದಾಡಿದಷ್ಟೂ ದಾರ ತೊಗಲನ್ನು ಸೀಳುತ್ತ ಹೋಗುತ್ತದೆ. ಹೊಟ್ಟೆಗೆ ಮರಿ ಅಂಟಿಕೊಂಡಿದ್ದರೆ ಅದೂ ಬಿಸಿಲೇರುವವರೆಗೆ ಅಲ್ಲಿಯೇ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ 2021ರಿಂದ ಮನೆಯಂಗಳದ ಹಣ್ಣಿನ ಗಿಡಗಳಿಗೆ ಹಾಕುವ ಬಲೆಯ ಕಣ್ಣು, ಎಳೆದು ಹಿಡಿದಾಗಲೂ 5 ಮಿಲಿಮೀಟರಿಗಿಂತ ದೊಡ್ಡದಿರಬಾರದೆಂಬ ನಿಯಮವಿದೆ. ಕಿರುಬೆರಳು ತೂರದಷ್ಟು ಸಣ್ಣ ಕಣ್ಣು. ಸಿಕ್ಕಿಕೊಳ್ಳುವ ಬಾವಲಿ ಅಳಿವಿನಂಚಿನದೋ ಸಾಮಾನ್ಯದ್ದೋ ಎಂದು ಆ ನಿಯಮ ವಿಚಾರಿಸುವುದಿಲ್ಲ. ಬಲೆ ಕೊಳ್ಳುವಾಗ ಒಮ್ಮೆ ಬೆರಳಿಟ್ಟು ನೋಡಿದರಾಯಿತು, ಗಿಡದ ಮೇಲೆ ಹರವದೆ ಸುತ್ತ ಗೂಟ ನೆಟ್ಟು ಬಿಗಿಯಾಗಿ ಎಳೆದು ಕಟ್ಟಿದರಾಯಿತು. ಕೆಲವೇ ಹಣ್ಣುಗಳಿದ್ದರೆ ಗೊಂಚಲಿಗೊಂದು ಬಟ್ಟೆಚೀಲ ಸಾಕು, ಅದನ್ನು ಮನೆಯಲ್ಲಿಯೇ ಹೊಲಿಯಬಹುದು. ಬಲೆಗೆ ಬಿದ್ದ ಬಾವಲಿ ಕಂಡರೆ ಬರಿಗೈಯಲ್ಲಿ ಮುಟ್ಟದೆ, ದಪ್ಪ ಟವಲು ಹೊದಿಸಿ, ಅರಣ್ಯ ಇಲಾಖೆಯವರನ್ನೋ ಪಶುವೈದ್ಯರನ್ನೋ ಕರೆಯಿರಿ. ಅವರು ಬರುವವರೆಗೆ ಮಕ್ಕಳನ್ನೂ ನಾಯಿಯನ್ನೂ ದೂರವಿಡಿ.